ಒಂದು ಆರ್ಡರಿನ ಹಿಂದೆ ಹೋಗಿ ನೋಡಿ: ಸಣ್ಣ ಆನ್‌ಲೈನ್ ಅಂಗಡಿಗೆ ಸಾಫ್ಟ್‌ವೇರ್ ಆರಿಸುವ ಬಗ್ಗೆ

ಉಡುಪಿಯಲ್ಲಿ ಮನೆಯಲ್ಲೇ ತಯಾರಿಸಿ ಮಾರುವವರು ಮತ್ತು ಸಣ್ಣ ಅಂಗಡಿಯವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. "ಆನ್‌ಲೈನ್ ಅಂಗಡಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು, ಒಂದು ಹೆಸರು ಹೇಳಿಬಿಡಿ" ಎಂದು ಒಳಗೆ ಬರುವಾಗಲೇ ಕೆಲವರು ಕೇಳಿದರು. ಹೆಸರು ಹೇಳುವುದು ಸುಲಭ. ಆದರೆ ಇಲ್ಲಿ ಉಪ್ಪಿನಕಾಯಿ ಮಾಡುವವರಿದ್ದಾರೆ, ಕೈಮಗ್ಗದ ಸೀರೆ ಮಾರುವವರಿದ್ದಾರೆ, ಗೇರುಬೀಜದವರಿದ್ದಾರೆ. ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ತಲೆನೋವು.

ಹಾಗಾಗಿ ನಾವು ಒಂದು ಆರ್ಡರನ್ನು ಹಿಡಿದುಕೊಳ್ಳೋಣ. ಕಾರ್ಕಳದ ಹತ್ತಿರದ ಒಂದು ಮನೆ. ಅಲ್ಲಿಂದ ಮುಂಬೈ ಪಕ್ಕದ ಠಾಣೆಯಲ್ಲಿರುವ ನಮ್ಮೂರಿನವರೊಬ್ಬರಿಗೆ ಎರಡು ಕಟ್ಟು ಹಲಸಿನ ಹಪ್ಪಳ, ಒಂದು ಬಾಟ್ಲಿ ಮಿಡಿ ಉಪ್ಪಿನಕಾಯಿ ಹೋಗಬೇಕು. ಅವರು ಅದನ್ನು ಹುಡುಕುವುದರಿಂದ ಹಿಡಿದು ಡಬ್ಬ ಅವರ ಮನೆ ಬಾಗಿಲಿಗೆ ತಲುಪುವ ತನಕ ಏನೇನು ಆಗುತ್ತದೆ ನೋಡೋಣ. ಎಲ್ಲಿ ಕೆಲಸ ಸಿಕ್ಕಿಹಾಕಿಕೊಳ್ಳುತ್ತದೋ ಅಲ್ಲಿ ಸಾಫ್ಟ್‌ವೇರ್ ನೆರವಿಗೆ ಬರಬೇಕು. ಬಾರದಿದ್ದರೆ ಅದು ಎಷ್ಟೇ ಚೆಂದ ಕಂಡರೂ ನಿಮಗೆ ಬೇಡ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮಲ್ಲಿ ಕೆಲವರಿಗೆ ಸದ್ಯಕ್ಕೆ ಸಾಫ್ಟ್‌ವೇರೇ ಬೇಕಾಗಿಲ್ಲ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಸುಮ್ನೆ ಸಿಗುತ್ತದೆ. ಅದರ ಕ್ಯಾಟಲಾಗಿನಲ್ಲಿ 500 ವಸ್ತುಗಳ ತನಕ ಫೋಟೊ, ಬೆಲೆ ಸಮೇತ ಹಾಕಬಹುದು. ಹಣ ಪಡೆಯಲು ಯುಪಿಐ ಕ್ಯೂಆರ್ ಉಂಟು. ಹತ್ತು ಬಗೆಯ ಸಾಮಾನು, ವಾರಕ್ಕೆ ಏಳೆಂಟು ಆರ್ಡರ್, ಗಿರಾಕಿಗಳೆಲ್ಲ ಹೆಚ್ಚುಕಡಿಮೆ ಗುರುತಿನವರು ಅಂತಾದರೆ ಇಷ್ಟೇ ಧಾರಾಳ ಸಾಕು. ಯಾವಾಗ ಸಾಲದು? "ರೇಟ್ ಎಷ್ಟು, ಮುಂಬೈಗೆ ಕಳಿಸ್ತೀರಾ, ಕೊರಿಯರಿಗೆ ಎಷ್ಟಾಗ್ತದೆ" ಎಂಬ ಮೂರೇ ಪ್ರಶ್ನೆಗೆ ದಿನವಿಡೀ ಉತ್ತರ ಬರೆಯುವ ಹಾಗಾದಾಗ. ಯಾರು ದುಡ್ಡು ಹಾಕಿದ್ದಾರೆ, ಯಾರದ್ದು ಪ್ಯಾಕ್ ಆಗಿದೆ ಎಂದು ರಾತ್ರಿ ಕೂತು ಸ್ಕ್ರೀನ್‌ಶಾಟ್ ಹುಡುಕುವ ಹಾಗಾದಾಗ. ಆ ಹೊತ್ತು ಬಂದಿದೆ ಅಂತಾದರೆ ಮುಂದೆ ಕೇಳಿ.

ಇವತ್ತು ಸಣ್ಣವರ ಮುಂದೆ ಇರುವ ದಾರಿ ಮುಖ್ಯವಾಗಿ ಎರಡು. ಒಂದು, ತಿಂಗಳಿಗಿಷ್ಟು ಎಂದು ಕಟ್ಟಿ ಬಳಸುವುದು. ಶಾಪಿಫೈ ಈ ಬಗೆಯದ್ದು. ಅದು ಹುಟ್ಟಿದ ರೀತಿಯೇ ನಮ್ಮ ಇವತ್ತಿನ ಮಾತಿಗೆ ಸರಿಯಾಗಿದೆ. ಕೆನಡಾದ ಒಟ್ಟಾವಾದಲ್ಲಿ ಟೋಬಿ ಲುಟ್ಕೆ ಎಂಬವರು 2004ರಲ್ಲಿ ಸ್ನೋಬೋರ್ಡ್ ಮಾರಲು ಆನ್‌ಲೈನ್ ಅಂಗಡಿ ಮಾಡಹೊರಟರು. ಆಗ ಸಿಗುತ್ತಿದ್ದ ಸಾಫ್ಟ್‌ವೇರ್ ಯಾವುದೂ ಸರಿಬರಲಿಲ್ಲ. ತಾವೇ ಬರೆದುಕೊಂಡರು. ಅದೇ 2006ರಲ್ಲಿ ಶಾಪಿಫೈ ಆಗಿ ಹೊರಬಂತು. ಇಲ್ಲಿ ಸರ್ವರ್, ಅಪ್‌ಡೇಟ್, ಸುರಕ್ಷತೆ ಎಲ್ಲ ಅವರ ತಲೆಬಿಸಿ. ನೀವು ಸಾಮಾನು ಏರಿಸಿ ಮಾರಿದರಾಯಿತು.

ಇನ್ನೊಂದು, ಸಾಫ್ಟ್‌ವೇರನ್ನು ತಂದು ನಿಮ್ಮದೇ ಹೋಸ್ಟಿಂಗಿನಲ್ಲಿ, ಅಂದರೆ ಸೈಟ್ ಇಡಲು ನೀವು ಬಾಡಿಗೆಗೆ ಪಡೆದ ಸರ್ವರಿನಲ್ಲಿ, ಹಾಕಿಕೊಳ್ಳುವುದು. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಜೊತೆಗೆ ಕೆಲಸ ಮಾಡುವ ವೂಕಾಮರ್ಸ್ ಇದರಲ್ಲಿ ಹೆಚ್ಚು ಬಳಕೆಯದ್ದು. 2011ರಲ್ಲಿ ಬಂತು. ಅದಕ್ಕೂ ಮೊದಲು ಇದ್ದ ಜಿಗೋಶಾಪ್ ಎಂಬ ಮುಕ್ತ ತಂತ್ರಾಂಶದ ಪ್ರತಿ ತೆಗೆದುಕೊಂಡು ಬೆಳೆಸಿದ್ದು. 2015ರಲ್ಲಿ ಆಟೋಮ್ಯಾಟಿಕ್ ಕಂಪನಿ ಅದನ್ನು ಕೊಂಡಿತು. ಈಗಲೂ ಮುಕ್ತವೇ, ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಾಗಿಲ್ಲ. ಆದರೆ ಹೋಸ್ಟಿಂಗ್ ನಿಮ್ಮದು, ಬ್ಯಾಕಪ್ ನಿಮ್ಮದು, ಅಪ್‌ಡೇಟ್ ಮಾಡಿದ ಮೇಲೆ ಏನಾದರೂ ಕೆಟ್ಟರೆ ಸರಿಮಾಡುವುದೂ ನಿಮ್ಮದೇ. ಓಪನ್‌ಕಾರ್ಟ್, ಪ್ರೆಸ್ಟಾಶಾಪ್ ಕೂಡ ಇದೇ ಸಾಲಿನವು. ಮ್ಯಾಜೆಂಟೊ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ದೊಡ್ಡ ಕಂಪನಿಗಳಿಗೆ, ಅದನ್ನು ನೋಡಿಕೊಳ್ಳಲು ಜನ ಇರುವವರಿಗೆ.

ಸರಿ, ಈಗ ನಮ್ಮ ಆರ್ಡರ್.

ಠಾಣೆಯಲ್ಲಿರುವವರು ಹಪ್ಪಳ ಹುಡುಕಬೇಕಲ್ಲ. ಅವರು ಕನ್ನಡದಲ್ಲಿ 'ಹಲಸಿನ ಹಪ್ಪಳ' ಎಂದು ಬರೆಯಬಹುದು. ಅವರ ಮಗಳು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಬಹುದು. ಪಕ್ಕದ ಮನೆಯವರು ಜಾಕ್‌ಫ್ರೂಟ್ ಪಾಪಡ್ ಎಂದು ಹುಡುಕಬಹುದು. ವಸ್ತುವಿನ ಹೆಸರಿನಲ್ಲೋ ವಿವರಣೆಯಲ್ಲೋ ಈ ಮೂರೂ ರೂಪ ಇರಲೇಬೇಕು. ಇದಕ್ಕೆ ದುಡ್ಡಿನ ಖರ್ಚಿಲ್ಲ, ಅರ್ಧ ಗಂಟೆಯ ಕೆಲಸ. ಆದರೂ ಹೆಚ್ಚಿನವರು ಮಾಡುವುದಿಲ್ಲ.

ಕನ್ನಡದ ವಿಷಯದಲ್ಲಿ ಇನ್ನೆರಡು ಕಡೆ ಎಚ್ಚರ ಬೇಕು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಸಾಫ್ಟ್‌ವೇರ್ ಮಾರುವವರು ಇದನ್ನು ಹೇಳುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ವಸ್ತುವಿಗೆ ಕನ್ನಡದಲ್ಲಿ ಹೆಸರಿಟ್ಟರೆ ಅದರ ಪುಟದ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ನೋಡಲು ಖುಷಿ. ಆದರೆ ಅದೇ ಲಿಂಕನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ, ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆಯೂ ಒಂಬತ್ತು ಇಂಗ್ಲಿಷ್ ಅಕ್ಷರ-ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. 'ಹಲಸಿನ ಹಪ್ಪಳ' ಎಂಬಷ್ಟಕ್ಕೇ 90 ದಾಟುತ್ತದೆ. ನೋಡಿದವರು ಇದೇನೋ ಮೋಸದ ಲಿಂಕ್ ಎಂದು ಒತ್ತದೇ ಬಿಡುತ್ತಾರೆ. ಹೆಸರು ಕನ್ನಡದಲ್ಲೇ ಇರಲಿ, ಪುಟದ ವಿಳಾಸವನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ತಿದ್ದಿ. ವೂಕಾಮರ್ಸ್, ಶಾಪಿಫೈ ಎರಡರಲ್ಲೂ ಹಾಗೆ ತಿದ್ದಲು ಜಾಗ ಉಂಟು.

ಎರಡನೆಯದ್ದು ಬಿಲ್. ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತದೆ. ಬಿಲ್ಲನ್ನು ಪಿಡಿಎಫ್ ಮಾಡಿಕೊಡುವ ಕೆಲವು ಪ್ಲಗಿನ್‌ಗಳಿಗೆ (ಸಾಫ್ಟ್‌ವೇರಿಗೆ ಬೇರೆಯಾಗಿ ಸೇರಿಸಿಕೊಳ್ಳುವ ತುಣುಕುಗಳಿಗೆ) ಒತ್ತಕ್ಷರ ಜೋಡಿಸಲು ಬರುವುದಿಲ್ಲ. ಹಪ್ಪಳ ಹೋಗಿ 'ಹಪ್‌ಪಳ' ಆಗುತ್ತದೆ, ಉಪ್ಪಿನಕಾಯಿ 'ಉಪ್‌ಪಿನಕಾಯಿ' ಆಗುತ್ತದೆ. ಕೆಲವೊಮ್ಮೆ ಬರೀ ಚೌಕಗಳು ಬರುತ್ತವೆ. ಪ್ಲಗಿನ್‌ಗೆ ದುಡ್ಡು ಕೊಡುವ ಮೊದಲು ಒತ್ತಕ್ಷರ ಜಾಸ್ತಿ ಇರುವ ಒಂದು ಹೆಸರು ಹಾಕಿ ಬಿಲ್ ತೆಗೆದು ನೋಡಿ. ನಮ್ಮ ಭಾಷೆಯಲ್ಲಿ ಬಿಲ್ ಕೊಡಬೇಕು ಎಂಬ ಆಸೆ ಇರುವವರು ಇದನ್ನು ಬಿಟ್ಟುಕೊಡಬೇಕಾಗಿಲ್ಲ. ಕನ್ನಡವನ್ನು ಸರಿಯಾಗಿ ಜೋಡಿಸುವ ಪ್ಲಗಿನ್‌ಗಳೂ ಇವೆ, ಹುಡುಕಿ ಆರಿಸಬೇಕು ಅಷ್ಟೇ.

ಈಗ ಅವರು ದುಡ್ಡು ಕೊಡುವ ಹಂತ. ವೆಬ್‌ಸೈಟಿನಲ್ಲಿ ಹಣ ಪಡೆಯಲು ಪೇಮೆಂಟ್ ಗೇಟ್‌ವೇ ಬೇಕು. ರೇಜರ್‌ಪೇಯಂಥ ಕಂಪನಿಗಳು ಈ ಕೆಲಸ ಮಾಡುತ್ತವೆ. ಸಾಮಾನ್ಯವಾಗಿ ಶೇ. 2ರಷ್ಟು ಶುಲ್ಕ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. 500 ರೂಪಾಯಿಯ ಆರ್ಡರಿಗೆ ಶುಲ್ಕ 10 ರೂಪಾಯಿ, ತೆರಿಗೆ 1 ರೂಪಾಯಿ 80 ಪೈಸೆ. ಶಾಪಿಫೈಯವರ ಸ್ವಂತ ಪೇಮೆಂಟ್ ಸೇವೆ ಭಾರತದಲ್ಲಿಲ್ಲ. ಹಾಗಾಗಿ ಹೊರಗಿನ ಗೇಟ್‌ವೇ ಬಳಸಲೇಬೇಕು, ಬಳಸಿದ್ದಕ್ಕೆ ಶಾಪಿಫೈ ತಾನೂ ಬೇಸಿಕ್ ಪ್ಲಾನಿನಲ್ಲಿ ಶೇ. 2 ತೆಗೆದುಕೊಳ್ಳುತ್ತದೆ. ಅಲ್ಲಿಗೆ ಇನ್ನೊಂದು 10 ರೂಪಾಯಿ. ಒಟ್ಟು 21 ರೂಪಾಯಿ 80 ಪೈಸೆ. ತಿಂಗಳ ಬಾಡಿಗೆ ಇದರ ಹೊರಗೆ. ಹಪ್ಪಳದಂಥ ಕಡಿಮೆ ಲಾಭದ ಸಾಮಾನಿಗೆ ಇದು ಸಣ್ಣ ಮೊತ್ತ ಅಲ್ಲ. ಸೀರೆಗೆ ನಡೆದೀತು.

"ಯುಪಿಐಗೆ ಶುಲ್ಕ ಇಲ್ಲ ಅಲ್ವಾ?" ಎಂದು ನೀವು ಕೇಳಬಹುದು. 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿಗೆ ಬ್ಯಾಂಕುಗಳು ಅಂಗಡಿಯವರಿಂದ ತೆಗೆಯುತ್ತಿದ್ದ ಶುಲ್ಕವನ್ನು ಸರ್ಕಾರ ತೆಗೆದುಹಾಕಿದ್ದು ಹೌದು. ಆದರೆ ಗೇಟ್‌ವೇ ಕಂಪನಿ ತನ್ನ ಸೇವೆಗೆ ಬೇರೆಯೇ ಶುಲ್ಕ ಹಾಕಬಹುದು. ಸಹಿ ಹಾಕುವ ಮೊದಲು ಯುಪಿಐಗೆ ಎಷ್ಟು ಎಂಬ ಸಾಲನ್ನು ಓದಿ.

ಶುಲ್ಕಕ್ಕಿಂತ ದೊಡ್ಡ ವಿಷಯ ಒಂದಿದೆ. ನಮ್ಮ ಗಿರಾಕಿ ಯುಪಿಐ ಆ್ಯಪ್ ತೆರೆದು ಪಿನ್ ಒತ್ತುತ್ತಾರೆ. ದುಡ್ಡು ಹೋಗುತ್ತದೆ. ಅಷ್ಟರಲ್ಲಿ ಫೋನ್ ಬರುತ್ತದೆ, ಅಥವಾ ಲೋಕಲ್ ಟ್ರೈನಿನಲ್ಲಿ ನೆಟ್‌ವರ್ಕ್ ಹೋಗುತ್ತದೆ. ಅವರು ನಿಮ್ಮ ಸೈಟಿಗೆ ವಾಪಸ್ ಬರುವುದೇ ಇಲ್ಲ. ಸೈಟಿಗೆ ದುಡ್ಡು ಬಂದದ್ದು ಗೊತ್ತಿಲ್ಲ, ಆರ್ಡರ್ 'ಪಾವತಿ ಬಾಕಿ' ಎಂದೇ ಉಳಿಯುತ್ತದೆ. ವೂಕಾಮರ್ಸ್‌ನಲ್ಲಿ ಸ್ಟಾಕ್ ಎಷ್ಟು ನಿಮಿಷ ಕಾದಿರಿಸಬೇಕು ಎಂಬ ಒಂದು ಸೆಟ್ಟಿಂಗ್ ಇದೆ. ಮೊದಲೇ ಅದರಲ್ಲಿ 60 ಎಂದಿರುತ್ತದೆ. ಅಷ್ಟು ಹೊತ್ತಾದ ಮೇಲೆ ಪಾವತಿಯಾಗದ ಆರ್ಡರನ್ನು ಅದೇ ರದ್ದು ಮಾಡುತ್ತದೆ. ಅತ್ತ ಗಿರಾಕಿಯ ದುಡ್ಡು ಹೋಗಿದೆ, ಇತ್ತ ಆರ್ಡರ್ ರದ್ದು. ಗಿರಾಕಿ ನಿಮ್ಮನ್ನು ಮೋಸಗಾರರು ಅಂದುಕೊಂಡರೆ ತಪ್ಪೇನು?

ಇದಕ್ಕೆ ಪರಿಹಾರ ವೆಬ್‌ಹುಕ್. ಗಿರಾಕಿಯ ಫೋನನ್ನು ನಂಬದೆ ಗೇಟ್‌ವೇ ಕಂಪನಿಯ ಸರ್ವರ್ ನಿಮ್ಮ ಸೈಟಿಗೆ ನೇರವಾಗಿ 'ಹಣ ಬಂದಿದೆ' ಎಂದು ತಿಳಿಸುವ ವ್ಯವಸ್ಥೆ ಅದು. ಗೇಟ್‌ವೇ ಪ್ಲಗಿನ್ ಹಾಕಿದರೂ ಇದನ್ನು ಬೇರೆಯಾಗಿ ಆನ್ ಮಾಡಬೇಕಾಗಬಹುದು. ಸೈಟ್ ಮಾಡಿಕೊಡುವವರಿಗೆ ನೀವು ಕೇಳಬೇಕಾದ ಮೊದಲ ತಾಂತ್ರಿಕ ಪ್ರಶ್ನೆ ಇದು. ಅಂಗಡಿ ತೆರೆಯುವ ಮೊದಲು ನೀವೇ ಒಂದು ಆರ್ಡರ್ ಹಾಕಿ, ಯುಪಿಐಯಲ್ಲಿ ದುಡ್ಡು ಕೊಟ್ಟ ಕೂಡಲೇ ಬ್ರೌಸರ್ ಮುಚ್ಚಿಬಿಡಿ. ಆರ್ಡರ್ ತಾನಾಗಿ 'ಪ್ರೊಸೆಸಿಂಗ್' ಆಯಿತೋ ಇಲ್ಲವೋ ನೋಡಿ. ಆಗದಿದ್ದರೆ ಅಂಗಡಿ ತೆರೆಯಬೇಡಿ.

ಹಪ್ಪಳಕ್ಕೆ ಸ್ಟಾಕ್ ಲೆಕ್ಕ ಬೇರೆಯವರಿಗಿಂತ ಗಟ್ಟಿ ಬೇಕು. ಬಟ್ಟೆಯವರು ಮುಗಿದರೆ ಮತ್ತೆ ತರಿಸಬಹುದು. ಹಲಸಿನ ಕಾಲ ಕಳೆದ ಮೇಲೆ ಹಪ್ಪಳ ಮತ್ತೆ ಮಾಡಲು ಆಗುವುದಿಲ್ಲ, ಮಳೆ ಹಿಡಿದರೆ ಒಣಗಿಸಲೂ ಆಗುವುದಿಲ್ಲ. ಏಪ್ರಿಲ್, ಮೇಯಲ್ಲಿ ಮಾಡಿಟ್ಟದ್ದೇ ವರ್ಷದ ಮಾರಾಟಕ್ಕೆ. ಸ್ಟಾಕ್ ಇಲ್ಲದಿದ್ದರೂ ಆರ್ಡರ್ ತೆಗೆದುಕೊಳ್ಳುವ 'ಬ್ಯಾಕ್‌ಆರ್ಡರ್' ಸೌಲಭ್ಯ ಎಲ್ಲ ಸಾಫ್ಟ್‌ವೇರಿನಲ್ಲೂ ಒಂದಲ್ಲ ಒಂದು ಹೆಸರಿನಲ್ಲಿ ಇರುತ್ತದೆ. ಅದನ್ನು ಆಫ್ ಮಾಡಿಡಿ.

ಇನ್ನು ತೆರಿಗೆ. ಇಲ್ಲಿ ತುಂಬಾ ಜನರಿಗೆ ಗೊಂದಲ. "ನಮ್ಮದು ವರ್ಷದ ವಹಿವಾಟು 40 ಲಕ್ಷ ಆಗುವುದಿಲ್ಲ, ಜಿಎಸ್‌ಟಿ ನೋಂದಣಿ ಬೇಡ" ಎನ್ನುತ್ತಾರೆ. ರಾಜ್ಯದೊಳಗೆ ಸರಕು ಮಾರುವವರಿಗೆ ಆ ಮಾತು ಸರಿ. ಆದರೆ ತೆರಿಗೆ ಬೀಳುವ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿರಲಿ, ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ಮಾತ್ರ ವಿನಾಯಿತಿ ಇದೆ. ನಮ್ಮ ಆರ್ಡರನ್ನೇ ನೋಡಿ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಬರೀ ಹಪ್ಪಳ ಠಾಣೆಗೆ ಕಳಿಸಿದರೆ ನೋಂದಣಿಯ ಪ್ರಶ್ನೆ ಬರುವುದಿಲ್ಲ. ಉಪ್ಪಿನಕಾಯಿಗೆ ತೆರಿಗೆ ಇದೆ. ಒಂದು ಬಾಟ್ಲಿ ಸೇರಿದ ಕೂಡಲೇ ಲೆಕ್ಕ ಬದಲಾಯಿತು.

ದೂರಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಂಗಳೂರಿನಿಂದ ಬೆಂಗಳೂರು ಸುಮಾರು 350 ಕಿಲೋಮೀಟರ್, ಅದು ನಮ್ಮದೇ ರಾಜ್ಯ. ತಲಪಾಡಿ ದಾಟಿ 50 ಕಿಲೋಮೀಟರ್ ಒಳಗೆ ಸಿಗುವ ಕಾಸರಗೋಡು ಬೇರೆ ರಾಜ್ಯ. ಅಲ್ಲಿರುವವರು ನಮ್ಮ ಹಾಗೆಯೇ ಕನ್ನಡ, ತುಳು ಮಾತಾಡುವವರು, ನಮ್ಮ ಉಪ್ಪಿನಕಾಯಿ ಬೇಕು ಅನ್ನುವವರು. ಆದರೂ ಬಿಲ್ಲಿನಲ್ಲಿ ಐಜಿಎಸ್‌ಟಿ ಬರಬೇಕು. ಕರ್ನಾಟಕದೊಳಗೆ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ ಎಂದು ಎರಡು ಪಾಲಾಗಬೇಕು. ಆದ್ದರಿಂದ ಸಾಫ್ಟ್‌ವೇರಿನಲ್ಲಿ ಒಂದೊಂದು ವಸ್ತುವಿಗೂ ಬೇರೆ ತೆರಿಗೆ ದರ ಹಾಕಲು ಬರಬೇಕು, ಗಿರಾಕಿಯ ರಾಜ್ಯ ನೋಡಿ ಅದೇ ಪಾಲು ಮಾಡಬೇಕು. ವೂಕಾಮರ್ಸ್‌ನಲ್ಲಿ ಈ ಪಟ್ಟಿಯನ್ನು ನೀವೇ ತುಂಬಬೇಕು. ಒಮ್ಮೆ ನಿಮ್ಮ ಅಕೌಂಟೆಂಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿಸಿ, ಆಮೇಲೆ ತೊಂದರೆ ಇಲ್ಲ. ತಿನ್ನುವ ವಸ್ತು ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಇದ್ದೇ ಇರಬೇಕು ಎಂಬುದು ನಿಮಗೆಲ್ಲ ಗೊತ್ತಿರುವ ವಿಷಯ.

ಈಗ ಡಬ್ಬ ಕಟ್ಟುವ ಮೇಜಿಗೆ ಬರೋಣ. ಸಣ್ಣ ಅಂಗಡಿಯ ಲಾಭ-ನಷ್ಟ ತೀರ್ಮಾನ ಆಗುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಸಾಫ್ಟ್‌ವೇರ್ ತೋರಿಸಲು ಬರುವವರು ಮುಖಪುಟ ತೋರಿಸುತ್ತಾರೆ, ಬಣ್ಣ ತೋರಿಸುತ್ತಾರೆ. ಕೊರಿಯರ್ ಚಾರ್ಜ್ ಹೇಗೆ ಲೆಕ್ಕ ಹಾಕುತ್ತದೆ ಎಂದು ತೋರಿಸುವವರು ಕಡಿಮೆ.

ಎರಡು ಕಟ್ಟು ಹಪ್ಪಳ, ಒಂದು ಬಾಟ್ಲಿ ಉಪ್ಪಿನಕಾಯಿ, ಒಟ್ಟು ಒಂದು ಕಿಲೋ ಅಂತ ಇಟ್ಟುಕೊಳ್ಳೋಣ. ಹಪ್ಪಳ ಮುರಿಯಬಾರದು, ಬಾಟ್ಲಿ ಒಡೆಯಬಾರದು ಎಂದು ದೊಡ್ಡ ಡಬ್ಬ ತೆಗೆದುಕೊಂಡಿರಿ. 30 ಸೆಂಟಿಮೀಟರ್ ಉದ್ದ, 25 ಅಗಲ, 20 ಎತ್ತರ. ಕೊರಿಯರಿನವರು ತಕ್ಕಡಿ ಮಾತ್ರ ನೋಡುವುದಿಲ್ಲ, ಟೇಪನ್ನೂ ಹಿಡಿಯುತ್ತಾರೆ. ಉದ್ದ, ಅಗಲ, ಎತ್ತರ ಗುಣಿಸಿ, ಹೆಚ್ಚಿನ ಕಂಪನಿಗಳು ಅದನ್ನು 5,000ದಿಂದ ಭಾಗಿಸುತ್ತವೆ. 30, 25, 20 ಗುಣಿಸಿದರೆ 15,000. ಭಾಗಿಸಿದರೆ 3. ಅಂದರೆ ನಿಮ್ಮ ಒಂದು ಕಿಲೋ ಡಬ್ಬಕ್ಕೆ ಮೂರು ಕಿಲೋದ ಚಾರ್ಜು. ತೂಕ, ಅಳತೆ ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನೇ ಹಿಡಿಯುತ್ತಾರೆ. ಅದೇ ಸಾಮಾನನ್ನು 20, 20, 12ರ ಡಬ್ಬದಲ್ಲಿ ಬಿಗಿಯಾಗಿ ಕೂರಿಸಿದರೆ 4,800, ಭಾಗಿಸಿದರೆ ಒಂದು ಕಿಲೋದ ಒಳಗೆ. ಕೋರಿ ರೊಟ್ಟಿಯವರಿಗೆ ಈ ಕಷ್ಟ ಇನ್ನೂ ಜಾಸ್ತಿ. ಅದಕ್ಕೆ ತೂಕ ಇಲ್ಲ, ಜಾಗ ಬೇಕು, ಮುಟ್ಟಿದರೆ ಪುಡಿ.

ಸಾಫ್ಟ್‌ವೇರ್ ಇಲ್ಲಿ ಏನು ಮಾಡುತ್ತದೆ? ವೂಕಾಮರ್ಸ್‌ನಲ್ಲಿ ವಸ್ತುವಿನ ತೂಕ, ಅಳತೆ ಬರೆಯಲು ಜಾಗ ಉಂಟು. ಆದರೆ ಅದರ ಜೊತೆಗೆ ಬರುವ ಕೊರಿಯರ್ ವಿಧಾನಗಳು ಮೂರೇ: ಒಂದೇ ದರ, ಉಚಿತ, ಬಂದು ಒಯ್ಯುವುದು. ತೂಕ ನೋಡಿ ದರ ಹಾಕಲು ಬೇರೆ ಪ್ಲಗಿನ್ ಬೇಕು. ಶಾಪಿಫೈಯಲ್ಲಿ ತೂಕದ ಮೇಲೆ ದರ ಹಾಕುವ ಸೌಲಭ್ಯ ಒಳಗೇ ಇದೆ, ಆದರೆ ನೀವು ಹಾಕುವ ಆ ಪಟ್ಟಿಗೆ ಡಬ್ಬದ ಅಳತೆ ಗೊತ್ತಾಗುವುದಿಲ್ಲ. ಎರಡರಲ್ಲೂ ನಡೆಯುವ ಒಂದು ಸುಲಭ ದಾರಿ ಹೇಳುತ್ತೇನೆ. ಮೊದಲು ಡಬ್ಬ ಕಟ್ಟಿ ಅಳೆಯಿರಿ. ಕೊರಿಯರಿನವರು ಎಷ್ಟು ಕಿಲೋ ಎಂದು ಹಿಡಿಯುತ್ತಾರೋ ಅದನ್ನೇ ವಸ್ತುವಿನ ತೂಕ ಎಂದು ಸಾಫ್ಟ್‌ವೇರಿನಲ್ಲಿ ಬರೆಯಿರಿ. ನಿಜವಾದ ತೂಕವನ್ನು ವಿವರಣೆಯಲ್ಲಿ ಗಿರಾಕಿಗೆ ಕಾಣುವ ಹಾಗೆ ಹಾಕಿ. ಕಳಿಸುವ ಮೊದಲು ಡಬ್ಬವನ್ನು ತಕ್ಕಡಿಯ ಮೇಲಿಟ್ಟು, ಪಕ್ಕದಲ್ಲಿ ಟೇಪ್ ಹಿಡಿದು ಫೋಟೊ ತೆಗೆದಿಡಿ. ಆಮೇಲೆ ತೂಕ ಜಾಸ್ತಿ ಇತ್ತು ಎಂದು ಹೆಚ್ಚಿನ ಬಿಲ್ ಬಂದರೆ ತೋರಿಸಲು ಅದೊಂದೇ ಆಧಾರ.

ಊರಿನವರಿಗೆ ಕೊರಿಯರ್ ಯಾಕೆ? ಮಂಗಳೂರಿನ ಪಿನ್‌ಕೋಡ್ 575ರಿಂದ, ಉಡುಪಿಯದ್ದು 576ರಿಂದ ಶುರುವಾಗುತ್ತದೆ. ವೂಕಾಮರ್ಸ್‌ನ ಶಿಪ್ಪಿಂಗ್ ವಲಯದಲ್ಲಿ 575 ಬರೆದು ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಅಂಕಿಗಳಿಂದ ಶುರುವಾಗುವ ಎಲ್ಲ ಪಿನ್‌ಕೋಡೂ ಸೇರಿಕೊಳ್ಳುತ್ತದೆ. ಅಲ್ಲಿಗೆ ಬೇರೆ ದರ, ಅಥವಾ ಅಂಗಡಿಗೆ ಬಂದು ಒಯ್ಯುವ ಅವಕಾಶ ಕೊಡಬಹುದು. ಕ್ಯಾಶ್ ಆನ್ ಡೆಲಿವರಿಯನ್ನೂ ಇಷ್ಟಕ್ಕೇ ಕಟ್ಟಿಹಾಕಿ. ಯಾವ ಶಿಪ್ಪಿಂಗ್ ವಿಧಾನಕ್ಕೆ ಅದು ಕಾಣಬೇಕು ಎಂದು ಆರಿಸುವ ಜಾಗ ವೂಕಾಮರ್ಸ್‌ನಲ್ಲಿ ಉಂಟು. ಠಾಣೆಗೆ ಕ್ಯಾಶ್ ಆನ್ ಡೆಲಿವರಿ ಕೊಟ್ಟು, ಅವರು ಬಾಗಿಲಲ್ಲಿ ಬೇಡ ಎಂದರೆ ಹೋಗುವ ಖರ್ಚು, ಬರುವ ಖರ್ಚು ಎರಡೂ ನಿಮ್ಮ ಮೇಲೆ. ವಾಪಸ್ ಬರುವಾಗ ಹಪ್ಪಳ ಹಪ್ಪಳವಾಗಿ ಉಳಿದಿರುವುದಿಲ್ಲ.

ಅಂಗಡಿಯ ಅಂದಚೆಂದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸುಮ್ನೆ ಸಿಗುವ ಥೀಮ್ ಸಾಕು, ಒಳ್ಳೆಯ ಬೆಳಕಿನಲ್ಲಿ ತೆಗೆದ ಫೋಟೊ ಬೇಕು. ಒಂದು ಎಚ್ಚರಿಕೆ ಮಾತ್ರ. 'ಇನ್ನು ಎರಡೇ ಉಳಿದಿವೆ', 'ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ' ಎಂದು ಸುಳ್ಳೇ ತೋರಿಸುವ ಪ್ಲಗಿನ್‌ಗಳನ್ನು ಯಾರಾದರೂ ಹಾಕಿಕೊಡುತ್ತೇವೆ ಎಂದರೆ ಒಪ್ಪಬೇಡಿ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಂಥ 13 ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಅದಕ್ಕಿಂತ ಹೆಚ್ಚಾಗಿ, ನಮ್ಮ ಗಿರಾಕಿ ನಮ್ಮನ್ನು ನಂಬಿ ಕೊಳ್ಳುವವರು. ಅವರಿಗೆ ಸುಳ್ಳು ಹೇಳಿ ಮಾರುವ ಅಗತ್ಯ ನಮಗಿಲ್ಲ. ಹಾಗೆಯೇ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ನಿಮ್ಮ ಹೆಸರು, ವಿಳಾಸ, ದೂರು ಕೇಳುವವರ ಹೆಸರು ಮತ್ತು ಫೋನ್ ಸೈಟಿನಲ್ಲಿ ಇರಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಈ ಪುಟಗಳಿಲ್ಲದಿದ್ದರೆ ಗೇಟ್‌ವೇ ಕಂಪನಿಯೂ ನಿಮ್ಮ ಅರ್ಜಿಯನ್ನು ವಾಪಸ್ ಕಳಿಸುತ್ತದೆ.

ಡಬ್ಬ ಠಾಣೆ ತಲುಪಿತು. ಅವರಿಗೆ ಇಷ್ಟವಾಯಿತು. ಮುಂದಿನ ವರ್ಷ ಮತ್ತೆ ಬೇಕು ಅನ್ನುತ್ತಾರೆ. ಈಗ ನಿಮ್ಮ ಕೈಯಲ್ಲಿ ಉಳಿದದ್ದು ಅವರ ಹೆಸರು, ವಿಳಾಸ, ಏನು ಕೊಂಡರು ಎಂಬ ಲೆಕ್ಕ. ಅಂಗಡಿಯ ನಿಜವಾದ ಆಸ್ತಿ ಇದೇ. ದೊಡ್ಡ ಮಾರಾಟ ತಾಣಗಳಲ್ಲಿ ಮಾರಿದರೆ ಗಿರಾಕಿ ಆ ತಾಣದವರು, ನಿಮ್ಮವರಲ್ಲ. ನಿಮ್ಮದೇ ಅಂಗಡಿ ಮಾಡಲು ಇಷ್ಟೆಲ್ಲ ಕಷ್ಟಪಡುವುದು ಈ ಪಟ್ಟಿಗಾಗಿಯೇ.

ಹಾಗಾದರೆ ಆ ಪಟ್ಟಿ ನಿಮ್ಮ ಕೈಯಲ್ಲಿ ಇದೆಯಾ? ನಮ್ಮ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಕೇಳುವ ಕಥೆ ಇದು. ಗುರುತಿನ ಹುಡುಗನೊಬ್ಬ ಕಡಿಮೆ ದುಡ್ಡಿಗೆ ಸೈಟ್ ಮಾಡಿಕೊಡುತ್ತಾನೆ. ಒಳ್ಳೆಯ ಹುಡುಗ, ಕೆಲಸವೂ ಚೊಕ್ಕ. ಡೊಮೇನನ್ನು, ಅಂದರೆ ಸೈಟಿನ ವಿಳಾಸದ ಹೆಸರನ್ನು, ತನ್ನ ಖಾತೆಯಲ್ಲಿ, ತನ್ನ ಇಮೇಲಿನಲ್ಲಿ ತೆಗೆದಿರುತ್ತಾನೆ. ಎರಡು ವರ್ಷದಲ್ಲಿ ಅವನಿಗೆ ಗಲ್ಫಿನಲ್ಲಿ ಕೆಲಸ ಸಿಗುತ್ತದೆ. ಇಲ್ಲಿನ ನಂಬರ್ ಬಂದ್. ಡೊಮೇನ್ ನವೀಕರಣದ ನೋಟಿಸ್ ಹೋಗುವುದು ಅವನ ಹಳೆಯ ಇಮೇಲಿಗೆ. ಒಂದು ಬೆಳಿಗ್ಗೆ ಅಂಗಡಿಯೇ ಕಾಣುವುದಿಲ್ಲ. ಅವನ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಫೋನಿಗೆ ಒಟಿಪಿ ಬರುವ ಹಾಗೆ ಇರಬೇಕು. ಹೋಸ್ಟಿಂಗ್ ಖಾತೆ, ಗೇಟ್‌ವೇ ಖಾತೆ ಕೂಡ ಹಾಗೆಯೇ. ಮಾಡಿಕೊಡುವವರಿಗೆ ಕೆಲಸ ಮಾಡುವಷ್ಟು ಪ್ರವೇಶ ಕೊಡಿ, ಯಜಮಾನಿಕೆ ಕೊಡಬೇಡಿ.

ಸಾಫ್ಟ್‌ವೇರ್ ಆರಿಸುವಾಗ ಒಳಗೆ ಬರುವ ಬಾಗಿಲಿನ ಜೊತೆಗೆ ಹೊರಗೆ ಹೋಗುವ ಬಾಗಿಲನ್ನೂ ನೋಡಿ. ವೂಕಾಮರ್ಸ್‌ನಲ್ಲಿ ವಸ್ತುಗಳ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳಬಹುದು. ಶಾಪಿಫೈಯಲ್ಲೂ ವಸ್ತು, ಗಿರಾಕಿ, ಆರ್ಡರ್ ಮೂರನ್ನೂ ಇಳಿಸಿಕೊಳ್ಳಬಹುದು. ಥೀಮ್ ಜೊತೆಗೆ ಬರುವುದಿಲ್ಲ, ಗಿರಾಕಿಗಳ ಪಾಸ್‌ವರ್ಡ್ ಬರುವುದಿಲ್ಲ. ಅದು ಹೋದರೆ ಹೋಗಲಿ. ಈ ಫೈಲುಗಳನ್ನು ತಿಂಗಳಿಗೊಮ್ಮೆ ಇಳಿಸಿ ಬೇರೆ ಕಡೆ ಇಟ್ಟುಕೊಳ್ಳಿ. ಇಳಿಸಿಕೊಳ್ಳಲು ಬಿಡದ ಸಾಫ್ಟ್‌ವೇರ್ ಯಾವುದೇ ಇರಲಿ, ಎಷ್ಟೇ ಅಗ್ಗವಾಗಿರಲಿ, ಅದನ್ನು ಮುಟ್ಟಬೇಡಿ.

ಕೊನೆಗೆ ಒಂದು ಹೆಸರು ಬೇಕೇ ಬೇಕು ಎಂದರೆ ನನ್ನ ಅಭಿಪ್ರಾಯ ಹೇಳುತ್ತೇನೆ. ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಗನೋ ಸೊಸೆಯೋ ಇದ್ದು, ತಿಂಗಳಿಗೆ ಒಂದೆರಡು ಗಂಟೆ ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳಬಲ್ಲರು ಅಂತಾದರೆ ವೂಕಾಮರ್ಸ್. ಕಡಿಮೆ ಲಾಭದ ತಿನಿಸು ಮಾರುವವರಿಗೆ ಪ್ರತಿ ಆರ್ಡರಿನಲ್ಲಿ ಉಳಿಯುವ ಶೇ. 2 ದೊಡ್ಡದು. ಯಾರೂ ಇಲ್ಲ, ಸಾಮಾನು ಬೆಲೆಬಾಳುವಂಥದ್ದು, ಬಾಡಿಗೆ ಕಟ್ಟುವಷ್ಟು ವ್ಯಾಪಾರ ಇದೆ ಎಂದಾದರೆ ಶಾಪಿಫೈ. ನೋಡಿಕೊಳ್ಳುವವರಿಲ್ಲದ ವೂಕಾಮರ್ಸ್ ಸೈಟ್ ಅಪ್‌ಡೇಟ್ ಇಲ್ಲದೆ ಉಳಿದು ಕಳ್ಳರ ಕೈಗೆ ಸಿಗುವುದಕ್ಕಿಂತ ಬಾಡಿಗೆ ಕೊಡುವುದೇ ಲೇಸು.

ಹೋಸ್ಟಿಂಗ್ ಕೊಳ್ಳುವಾಗ ಮೊದಲ ವರ್ಷದ ದರ ನೋಡಿ ಮರುಳಾಗಬೇಡಿ ಎಂದು ಹೇಳಿದ್ದಕ್ಕೆ ಒಬ್ಬ ಅಣ್ಣ, "ಹಾಗಾದರೆ ಎಂತ ನೋಡಬೇಕು?" ಎಂದು ಕೇಳಿದರು. ಎರಡನೇ ವರ್ಷದ ನವೀಕರಣದ ದರ ನೋಡಿ. ಅದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಹಲವು ಕಡೆ ಮೊದಲ ವರ್ಷಕ್ಕಿಂತ ಎಷ್ಟೋ ಪಟ್ಟು ಇರುತ್ತದೆ. ಬ್ಯಾಕಪ್ ಸೇರಿದೆಯಾ ಎಂದು ಕೇಳಿ. ಸುರಕ್ಷತೆಯ ಎಸ್‌ಎಸ್‌ಎಲ್ ಪ್ರಮಾಣಪತ್ರಕ್ಕೆ ಬೇರೆ ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು ಉಚಿತವಾಗಿ ಕೊಡುತ್ತದೆ, ಒಳ್ಳೆಯ ಹೋಸ್ಟಿಂಗಿನವರು ತಾವೇ ಹಾಕಿಕೊಡುತ್ತಾರೆ.

ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದ್ದು, "ನಮ್ಮದು ಶಂಕರಪುರದ ಹತ್ತಿರ. ಮಲ್ಲಿಗೆಯನ್ನು ಹೀಗೆ ಮಾರಬಹುದಾ?" ತುಂಬಾ ಒಳ್ಳೆಯ ಪ್ರಶ್ನೆ. ಮಲ್ಲಿಗೆಯ ಆರ್ಡರಿನ ಹಿಂದೆಯೂ ಹಾಗೆಯೇ ಹೋಗಿ ನೋಡೋಣ. ಹೂ ಒಂದು ದಿನದ್ದು, ಹಾಗಾಗಿ ಕೊರಿಯರಿನ ಮಾತಿಲ್ಲ. 574, 575, 576ರ ಒಳಗೆ, ಅದರಲ್ಲೂ ನಿಮ್ಮ ಗಾಡಿ ಮುಟ್ಟುವ ಪಿನ್‌ಕೋಡಿಗೆ ಮಾತ್ರ ಆರ್ಡರ್ ತೆರೆಯಿರಿ. ದರ ದಿನದಿನ ಬದಲಾಗುತ್ತದೆ, ಮದುವೆಯ ದಿನಗಳಲ್ಲಿ, ನಾಗರ ಪಂಚಮಿಗೆ ಎಲ್ಲಿಗೋ ಏರುತ್ತದೆ. ವೂಕಾಮರ್ಸ್‌ಗೂ ಶಾಪಿಫೈಗೂ ಫೋನ್ ಆ್ಯಪ್ ಇದೆ, ಆ ದಿನದ ದರ ಗೊತ್ತಾದ ಮೇಲೆ ಫೋನಿನಲ್ಲೇ ಬೆಲೆ ಬದಲಿಸಿ ಆಮೇಲೆ ಆರ್ಡರ್ ತೆಗೆದುಕೊಳ್ಳಿ. ನಾಳೆಯ ಹೂವಿಗೆ ಇವತ್ತಿನ ದರದಲ್ಲಿ ದುಡ್ಡು ತೆಗೆದುಕೊಳ್ಳಬೇಡಿ. ಇನ್ನೊಂದು ಸೂಕ್ಷ್ಮ ಇದೆ. ಕಟ್ಟಿದ ಮಲ್ಲಿಗೆಯನ್ನು ಚೆಂಡು, ಅಟ್ಟೆ ಎಂಬ ಅಳತೆಯಲ್ಲಿ ಮಾರುತ್ತೇವೆ; ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಲ್ವಾ? ಚೆಂಡು ಒಂದು ವಸ್ತು, ಅಟ್ಟೆ ಇನ್ನೊಂದು ವಸ್ತು ಎಂದು ಬೇರೆ ಬೇರೆ ಹಾಕಿದರೆ ಸಾಫ್ಟ್‌ವೇರ್ ಎರಡಕ್ಕೂ ಬೇರೆ ಸ್ಟಾಕ್ ಇಡುತ್ತದೆ. ಒಂದು ಅಟ್ಟೆ ಮಾರಿದರೆ ನಾಲ್ಕು ಚೆಂಡು ಕಡಿಮೆಯಾಯಿತು ಎಂದು ಅದಕ್ಕೆ ತಿಳಿಯುವುದಿಲ್ಲ, ಇಲ್ಲದ ಹೂವನ್ನು ಮಾರಿಬಿಡುತ್ತದೆ. ಆದ್ದರಿಂದ ಚೆಂಡಿನ ಲೆಕ್ಕದಲ್ಲಿ ಮಾತ್ರ ಮಾರಿ. ಅಟ್ಟೆ ಬೇಕಾದವರು ನಾಲ್ಕು ಎಂದು ಒತ್ತಲಿ.